ರಜೆಯಲ್ಲೂ ಡ್ಯೂಟಿ ಚಾರ್ಟ್: ಗಾಡರ್ಡ್ಸ್ ಮನೆಯಲ್ಲಿ ಮೂರು ರಾತ್ರಿ

ಕಳೆದ ನವೆಂಬರ್‌ನಲ್ಲಿ ನಾವು ಹನ್ನೆರಡು ಹೆಂಗಸರು ಇಂಗ್ಲೆಂಡಿನ ಸರ್ರೆಯ ಒಂದು ಹಳೇ ಮನೆಯಲ್ಲಿ ಮೂರು ರಾತ್ರಿ ಇದ್ದು ಬಂದೆವು. ಶುಕ್ರವಾರ ಸಂಜೆ ನಾಲ್ಕಕ್ಕೆ ಒಳಗೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊರಗೆ. ಹನ್ನೊಂದು ಜನ ನರ್ಸ್‌ಗಳು ಇಲ್ಲವೇ ಕೇರ್ ಹೋಮ್‌ನಲ್ಲಿ ದುಡಿಯುವವರು. ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯವರು. ಮೂವರು ಮಲಯಾಳಿಗಳು, ಒಬ್ಬರು ಫಿಲಿಪೀನ್ಸ್‌ನವರು. ಹನ್ನೆರಡನೆಯವಳು ನಾನು, ಅವರಲ್ಲೊಬ್ಬರ ನಾದಿನಿ. ಆಫೀಸಿನಲ್ಲಿ ಲೆಕ್ಕ ಬರೆಯುವವಳು, ರಕ್ತ ನೋಡಿದರೆ ತಲೆ ಸುತ್ತುತ್ತದೆ.

ಏರ್ಪಾಡೆಲ್ಲ ನನ್ನದು. ಎಡವಿದ್ದೂ ನಾನೇ. ದಣಿದ ಜನರನ್ನು ಕಟ್ಟಿಕೊಂಡು ಹಳೇ ಮನೆಯೊಂದಕ್ಕೆ ‘ವೆಲ್‌ನೆಸ್ ರಿಟ್ರೀಟ್’ ಅಂತ ಹೋಗುವ ಆಲೋಚನೆ ಈಗ ತುಂಬಾ ಜನರಿಗೆ ಬರುತ್ತಿದೆ. ಅಂಥವರಿಗೆ ನಮ್ಮ ಈ ಒಂದು ಪ್ರಕರಣ ಉಪಯೋಗಕ್ಕೆ ಬರಬಹುದು ಅಂತ ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದೇನೆ.

ಯಾರಿಗಾಗಿ ಕಟ್ಟಿದ ಮನೆ

ಮನೆಯ ಹೆಸರು ಗಾಡರ್ಡ್ಸ್. ಡಾರ್ಕಿಂಗ್ ಪಟ್ಟಣದ ಹತ್ತಿರ, ಲೀತ್ ಹಿಲ್ ಗುಡ್ಡದ ಮಗ್ಗುಲಲ್ಲಿ ಅಬಿಂಜರ್ ಕಾಮನ್ ಅಂತ ಒಂದು ಹಳ್ಳಿ ಇದೆ. ಅಲ್ಲಿದೆ ಈ ಮನೆ. ಲೀತ್ ಹಿಲ್ ಎತ್ತರ 294 ಮೀಟರ್. ಇಡೀ ಸರ್ರೆಗೆ ಅದೇ ದೊಡ್ಡ ಗುಡ್ಡ. ಚಾರ್ಮಾಡಿ ಹತ್ತಿಳಿದವರು ನಗಬೇಡಿ.

1898ರಿಂದ 1900ರೊಳಗೆ ಇದನ್ನು ಕಟ್ಟಿಸಿದವರು ಫ್ರೆಡರಿಕ್ ಮಿರಿಲೀಸ್ ಎಂಬ ಶ್ರೀಮಂತ. ನಕ್ಷೆ ಎಡ್ವಿನ್ ಲುಟ್ಯೆನ್ಸ್ ಅವರದ್ದು. ಹೌದು, ಮುಂದೆ ದೆಹಲಿಯಲ್ಲಿ 340 ಕೋಣೆಗಳ ವೈಸ್‌ರಾಯ್ ಬಂಗಲೆ, ಅಂದರೆ ಈಗಿನ ರಾಷ್ಟ್ರಪತಿ ಭವನ ಕಟ್ಟಿದ ಅದೇ ಲುಟ್ಯೆನ್ಸ್. ಆಗ ಅವರಿಗೆ ಮೂವತ್ತರ ಆಸುಪಾಸು. ಗಾಡರ್ಡ್ಸ್ ಮಾಲೀಕರ ವಾಸಕ್ಕೆ ಕಟ್ಟಿದ ಮನೆಯಲ್ಲ. ಕೈಯಲ್ಲಿ ಜಾಸ್ತಿ ಕಾಸಿಲ್ಲದ ಹೆಂಗಸರು ಬಂದು ಕೆಲವು ದಿನ ಸುಧಾರಿಸಿಕೊಂಡು ಹೋಗಲಿ ಅಂತ ಕಟ್ಟಿಸಿದ ವಿಶ್ರಾಂತಿ ಮನೆ.

ಇದು ಆಗ ಎಷ್ಟು ದೊಡ್ಡ ವಿಷಯ ಅಂತ ಈಗ ತಟ್ಟನೆ ಹೊಳೆಯುವುದಿಲ್ಲ. ಬ್ರಿಟನ್ನಿನಲ್ಲಿ ವಯಸ್ಸಾದವರಿಗೆ ಸರ್ಕಾರದ ಪಿಂಚಣಿ ಶುರುವಾದದ್ದೇ 1909ರಲ್ಲಿ, ಅದೂ ಎಪ್ಪತ್ತು ದಾಟಿದವರಿಗೆ. ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಕೂದಲು ನೆರೆಸಿಕೊಂಡ ಗವರ್ನೆಸ್‌ಗೆ, ಆ ಮಕ್ಕಳು ದೊಡ್ಡವರಾದ ಮೇಲೆ ತನ್ನದು ಅಂತ ಒಂದು ಸೂರು ಇರುತ್ತಿರಲಿಲ್ಲ. ನರ್ಸ್‌ಗಳ ಪಾಡೂ ಅಷ್ಟೇ. 1901ರಲ್ಲಿ ಲುಟ್ಯೆನ್ಸ್ ಇಲ್ಲಿಗೆ ಬಂದಾಗ ಮನೆಯಲ್ಲಿದ್ದವರು ಇಂಥವರೇ: ನರ್ಸ್‌ಗಳು, ವಯಸ್ಸಾದ ಗವರ್ನೆಸ್‌ಗಳು. ಅವರಿಗೆಲ್ಲ ಈ ಮನೆ ಅಂದರೆ ಪ್ರಾಣ, ಬಿಟ್ಟು ಹೋಗುವಾಗ ಅಳುತ್ತಾರೆ ಅಂತ ಲುಟ್ಯೆನ್ಸ್ ಹೆಂಡತಿ ಎಮಿಲಿಗೆ ಪತ್ರ ಬರೆದರು.

ಎಮಿಲಿ ಯಾರು ಗೊತ್ತಾ? 1876ರಿಂದ 1880ರವರೆಗೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಲಿಟ್ಟನ್ ಮಗಳು. ನಮ್ಮ ಅಜ್ಜಿಯರ ಬಾಯಲ್ಲಿ ಧಾತು-ಈಶ್ವರ ಸಂವತ್ಸರದ ಬರ ಅಂತ ಉಳಿದುಕೊಂಡಿತ್ತಲ್ಲ, ಮೈಸೂರು ಸೀಮೆಯ ಲಕ್ಷಗಟ್ಟಲೆ ಜನರನ್ನು ತಿಂದ ಬರ, ಅದು ಅವರ ಕಾಲದ್ದೇ. ಬರದ ನಡುವೆಯೇ 1877ರಲ್ಲಿ ದೆಹಲಿಯಲ್ಲಿ ದರ್ಬಾರು ನಡೆಸಿದ ಪುಣ್ಯಾತ್ಮ. ಅಳಿಯ ಕಟ್ಟಿದ ಮನೆಗೂ ಮಾವನ ಪಾಪಕ್ಕೂ ಸಂಬಂಧ ಇಲ್ಲ, ಸರಿ. ಆದರೂ ಬೆಂಕಿ ಕಾಯಿಸುತ್ತಾ ಆ ಪತ್ರದ ಮಾತು ಬಂದಾಗ ನನಗೆ ನೆನಪಾದದ್ದು ಅದೇ.

ದುಡ್ಡಿನ ದಾರಿಯೂ ಸ್ವಾರಸ್ಯವಾಗಿದೆ. ಮಿರಿಲೀಸ್ ಅವರು ಸರ್ ಡೊನಾಲ್ಡ್ ಕರ್ರಿ ಎಂಬ ಹಡಗು ಸಾಹುಕಾರರ ಅಳಿಯ. ಇಂಗ್ಲೆಂಡಿಗೂ ದಕ್ಷಿಣ ಆಫ್ರಿಕಾಕ್ಕೂ ಓಡಾಡುತ್ತಿದ್ದ ಯೂನಿಯನ್-ಕ್ಯಾಸಲ್ ಹಡಗುಗಳು ಈ ಕುಟುಂಬದ ಸಂಪತ್ತು. ಅದೇ ಕಂಪನಿಯ ಕಿಲ್ಡೋನನ್ ಕ್ಯಾಸಲ್ ಹಡಗಿನಲ್ಲಿ 1909ರ ನವೆಂಬರ್‌ನಲ್ಲಿ ಲಂಡನ್ನಿನಿಂದ ವಾಪಸು ಹೋಗುತ್ತಿದ್ದ ಗಾಂಧೀಜಿ ‘ಹಿಂದ್ ಸ್ವರಾಜ್’ ಬರೆದರು. ಬಲಗೈ ಸೋತಾಗ ಎಡಗೈಯಲ್ಲಿ ಬರೆದರಂತೆ. ಯಂತ್ರಕ್ಕಿಂತ ಕೈ ದೊಡ್ಡದು ಅಂತ ಅವರಿಗೆ ಮನವರಿಕೆ ಮಾಡಿಸಿದವರಲ್ಲಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ ಒಬ್ಬರು. ಲುಟ್ಯೆನ್ಸ್ ತಲೆಮಾರಿನ ವಾಸ್ತುಶಿಲ್ಪಿಗಳು ಬೆಳೆದದ್ದು ಕೈಕಸುಬಿಗೆ ಬೆಲೆ ಕೊಟ್ಟ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯಲ್ಲಿ, ಅದಕ್ಕೂ ರಸ್ಕಿನ್ನೇ ಗುರು. ಒಂದೇ ಮೇಷ್ಟ್ರ ಮಾತು ಒಂದು ಕಡೆ ಸರ್ರೆಯ ಮನೆಯಾಯಿತು, ಇನ್ನೊಂದು ಕಡೆ ಚರಕ ಆಯಿತು. ಇದು ಹೊಳೆದಾಗ ನಮ್ಮತ್ತಿಗೆಯನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತು. ಪುಣ್ಯಕ್ಕೆ ಎಬ್ಬಿಸಲಿಲ್ಲ.

ಮನೆ ಹೇಗಿದೆ

ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಅಂದ ಕೂಡಲೇ ಹೂಬಳ್ಳಿಯ ವಾಲ್‌ಪೇಪರ್ ನೆನಪಾಗುತ್ತದೆ. ಆ ವಾಲ್‌ಪೇಪರಿನ ವಿಲಿಯಂ ಮೋರಿಸ್ ಹೇಳುತ್ತಿದ್ದದ್ದು ಅದಕ್ಕಿಂತ ದೊಡ್ಡ ಮಾತು. ಕೆಲಸ ಮಾಡುವವನಿಗೆ ಕೆಲಸದಲ್ಲಿ ಖುಷಿ ಇರಬೇಕು. ಊರಿನ ಕಲ್ಲು, ಊರಿನ ಮರ, ಊರಿನ ಕಸುಬುದಾರರು ಸೇರಿ ಕಟ್ಟಬೇಕು. ಜೋಡಿಸಿದ ಗಂಟು ಕಾಣಬೇಕು, ಮುಚ್ಚಬಾರದು. ಗಾಡರ್ಡ್ಸ್‌ನಲ್ಲಿ ಇದು ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಬಿಳಿ ಗಾರೆಯ ಒರಟು ಗೋಡೆ, ಕೆಂಪು ಇಟ್ಟಿಗೆಯ ಎತ್ತರದ ಹೊಗೆಗೂಡುಗಳು, ಓಕ್ ತೊಲೆ. ಹೊರಗಿನಿಂದ ನೋಡಿದರೆ ಇನ್ನೂರು ಮುನ್ನೂರು ವರ್ಷ ಅಲ್ಲೇ ಇತ್ತೇನೋ ಅನ್ನಿಸುತ್ತದೆ. ಅದು ಲುಟ್ಯೆನ್ಸ್ ಅವರ ಚಮತ್ಕಾರ.

ಮಧ್ಯದಲ್ಲಿ ಎಲ್ಲರೂ ಸೇರುವ ಒಂದು ದೊಡ್ಡ ಹಾಲ್, ಅದರಲ್ಲಿ ಬೆಂಕಿಗೂಡು. ಎರಡು ಬದಿಗೆ ಸ್ವಲ್ಪ ಓರೆಯಾಗಿ ಚಾಚಿದ ತೋಳುಗಳು. ನಡುವಿನ ಅಂಗಳದಲ್ಲಿ ಗರ್ಟ್ರೂಡ್ ಜೀಕಿಲ್ ರೂಪಿಸಿದ ತೋಟ, ಒಂದು ಪುಟ್ಟ ನೀರಿನ ಕೊಳ. “ಒಂದು ಗೋಡೆ ಬಿದ್ದ ತೊಟ್ಟಿ ಮನೆ” ಅಂದರು ನಮ್ಮ ಜೊತೆ ಬಂದ ಹಿರಿಯ ನರ್ಸ್ ಒಬ್ಬರು. ನಾವೆಲ್ಲ ಅವರನ್ನು ದೊಡ್ಡಕ್ಕ ಅನ್ನುತ್ತೇವೆ. ಅವರು ಬೆಳೆದದ್ದು ಕಾರ್ಕಳದ ಹತ್ತಿರ ಅಂಥದ್ದೇ ಮನೆಯಲ್ಲಿ. ಹಾಗಾಗಿ ಅವರು ಮನೆ ತೋರಿಸಿ ಅಂತ ಯಾರನ್ನೂ ಕೇಳಲಿಲ್ಲ. ಕಾಲು ಗಂಟೆಯಲ್ಲಿ ಅಡುಗೆಮನೆ ಎಲ್ಲಿ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ಪತ್ತೆ ಮಾಡಿದ್ದರು.

ತೋಟದ ಬಗ್ಗೆ ಒಂದು ತಪ್ಪೊಪ್ಪಿಗೆ. ಜೀಕಿಲ್ ಕಣ್ಣು ಮಂಜಾಗುತ್ತಾ ಬಂದಾಗ ಕಸೂತಿ, ಚಿತ್ರ ಬಿಟ್ಟು ಹೂವಿನ ಬಣ್ಣಗಳಲ್ಲೇ ಚಿತ್ರ ಬರೆಯಲು ಹೊರಟ ಹೆಂಗಸು. ಅವರ ತೋಟ ನೋಡಬೇಕಾದರೆ ಜೂನ್‌ನಲ್ಲಿ ಹೋಗಬೇಕು. ನಾವು ಹೋದದ್ದು ನವೆಂಬರ್‌ನಲ್ಲಿ, ಬಾಡಿಗೆ ಕಮ್ಮಿ ಅಂತ. ನಾಲ್ಕೂಕಾಲಿಗೆ ಕತ್ತಲು, ನೆಲವೆಲ್ಲ ಒದ್ದೆ ಎಲೆ. ಹೂವಿನ ಫೋಟೊ ತೋರಿಸಿ ಕರೆದುಕೊಂಡು ಬಂದ ನನ್ನ ಮುಖ ಸಣ್ಣದಾಯಿತು.

ಈ ಮನೆ ಬಡ ಹೆಂಗಸರ ಪಾಲಿಗೆ ಇದ್ದದ್ದು ಹೆಚ್ಚುಕಮ್ಮಿ ಹತ್ತೇ ವರ್ಷ. 1910ರಲ್ಲಿ ಮಿರಿಲೀಸ್ ಅವರ ಮಗನ ಸಂಸಾರಕ್ಕಾಗಿ ಲುಟ್ಯೆನ್ಸೇ ಬಂದು ತೋಳುಗಳನ್ನು ಉದ್ದ ಮಾಡಿ, ಊಟದ ಕೋಣೆ, ಲೈಬ್ರರಿ ಎಲ್ಲ ಸೇರಿಸಿದರು. ಅಲ್ಲಿಗೆ ಧರ್ಮದ ಮನೆ ಸ್ವಂತ ಮನೆಯಾಯಿತು. ಎಷ್ಟೋ ವರ್ಷಗಳ ನಂತರ, 1991ರಲ್ಲಿ, ಅದು ಲುಟ್ಯೆನ್ಸ್ ಟ್ರಸ್ಟ್‌ಗೆ ಸೇರಿತು. ಈಗ ನೋಡಿಕೊಳ್ಳುವವರು ಲ್ಯಾಂಡ್‌ಮಾರ್ಕ್ ಟ್ರಸ್ಟ್. ಹಳೇ ಕಟ್ಟಡಗಳನ್ನು ಉಳಿಸಿ, ರಿಪೇರಿ ಮಾಡಿ, ರಜೆಗೆ ಬಾಡಿಗೆ ಕೊಟ್ಟು ಆ ದುಡ್ಡಿನಲ್ಲೇ ಸಾಕುವ ಸಂಸ್ಥೆ ಅದು. 1965ರಲ್ಲಿ ಶುರುವಾದದ್ದು. ಹನ್ನೆರಡು ಜನ ಮಲಗಬಹುದು. ಟಿವಿ ಇಲ್ಲ, ವೈಫೈ ಇಲ್ಲ. ಮಸಾಜ್, ಸೌನಾ, ಹಸಿರು ಜ್ಯೂಸು ಯಾವುದೂ ಇಲ್ಲ. ಅಡುಗೆ ನಾವೇ ಮಾಡಿಕೊಳ್ಳಬೇಕು.

ನನ್ನ ಚಾರ್ಟ್

ರಿಟ್ರೀಟ್ ಅಂದ ಮೇಲೆ ವೇಳಾಪಟ್ಟಿ ಬೇಡವೇ? ನಾನು ಎರಡು ವಾರ ಕೂತು ಒಂದು ಮಾಡಿದ್ದೆ. ಬೆಳಿಗ್ಗೆ ಆರೂವರೆಗೆ ಯೋಗ. ಎಂಟಕ್ಕೆ ಮೌನ ಉಪಾಹಾರ. ಹತ್ತಕ್ಕೆ ಕಾಡಿನಲ್ಲಿ ನಡಿಗೆ. ಮೂರಕ್ಕೆ ಡೈರಿ ಬರೆಯುವುದು. ಕೆಳಗೆ ಅಡುಗೆ ಪಾಳಿ, ಪಾತ್ರೆ ಪಾಳಿ, ಬಣ್ಣ ಬಣ್ಣದ ಪೆನ್ನಿನಲ್ಲಿ ಹೆಸರುಗಳು. ಬಂದ ಕೂಡಲೇ ಫ್ರಿಜ್ಜಿನ ಮೇಲೆ ಅಂಟಿಸಿದೆ. ಬಾಗಿಲ ಹತ್ತಿರ ಒಂದು ಬೆತ್ತದ ಬುಟ್ಟಿ ಇಟ್ಟೆ, ಎಲ್ಲರೂ ಫೋನ್ ಹಾಕಲಿ ಅಂತ.

ಕೋಟದ ಹುಡುಗಿಯೊಬ್ಬಳು ಚಾರ್ಟ್ ಮುಂದೆ ನಿಂತು ಓದಿದಳು. ಆಮೇಲೆ ಒಳಗೆ ಕೂಗಿ ಹೇಳಿದಳು, “ಬನ್ನಿ ಮಾರಾಯ್ರೆ, ಡ್ಯೂಟಿ ಹಾಕಿದ್ದಾರೆ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಚಾರ್ಟ್ ನೋಡಿದರೆ ಹೌದಲ್ವಾ, ವಾರ್ಡಿನ ರೋಟಾ ಥರವೇ ಇತ್ತು. ಹನ್ನೆರಡೂವರೆ ಗಂಟೆ ಶಿಫ್ಟ್ ಮಾಡುವವರಿಗೆ ನಾನು ಇನ್ನೊಂದು ಶಿಫ್ಟ್ ಬರೆದುಕೊಟ್ಟಿದ್ದೆ.

ಬುಟ್ಟಿ ಅದಕ್ಕಿಂತ ಮೊದಲೇ ಸೋತಿತ್ತು. ಐದು ಜನರ ಮಕ್ಕಳು ಊರಲ್ಲಿ, ಅಜ್ಜಿ ಮನೆಯಲ್ಲಿದ್ದಾರೆ. ಅಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಇಲ್ಲಿ ಸಂಜೆ ನಾಲ್ಕು. ಮಗು ನಿದ್ದೆ ಮಾಡುವ ಮುಂಚೆ ಅಮ್ಮನ ಮುಖ ನೋಡಬೇಕು. ಸರಿಯಾಗಿ ನಾವು ಬಾಗಿಲು ತೆಗೆದು ಒಳಗೆ ಕಾಲಿಟ್ಟ ಹೊತ್ತು. ಬುಟ್ಟಿ ಹಿಡಿದು ನಿಂತ ನನ್ನನ್ನು ದಾಟಿಕೊಂಡು ಐವರೂ ಮೊಬೈಲ್ ಡೇಟಾ ಹುಡುಕುತ್ತಾ ಅಂಗಳಕ್ಕೆ ಹೋದರು. ಫೋನ್ ದೂರ ಇಟ್ಟರೆ ನೆಮ್ಮದಿ ಅನ್ನುವುದು, ಪ್ರೀತಿಸುವವರೆಲ್ಲ ಅದೇ ಮನೆಯಲ್ಲಿ ಇರುವವರಿಗೆ ಸರಿ. ಇದನ್ನು ಯಾವ ರಿಟ್ರೀಟ್ ಜಾಹೀರಾತಿನಲ್ಲೂ ನಾನು ಓದಿಲ್ಲ. ಬುಟ್ಟಿಯಲ್ಲಿ ಆಮೇಲೆ ಈರುಳ್ಳಿ ಹಾಕಿದೆವು.

ಶನಿವಾರ ಬೆಳಿಗ್ಗೆ ಆರೂವರೆಗೆ ಯೋಗಕ್ಕೆ ಬಂದವರು ಮೂವರು. ಅದರಲ್ಲಿ ಒಬ್ಬಳು ಅತ್ತಿಗೆ, ನನಗೆ ಬೇಜಾರಾಗಬಾರದು ಅಂತ ಬಂದದ್ದು. ಎಂಟರ ಮೌನ ಉಪಾಹಾರದಲ್ಲಿ ಮೌನ ಬಿಟ್ಟು ಎಲ್ಲ ಇತ್ತು. ಹತ್ತಕ್ಕೆ ಒಬ್ಬಳು ಇನ್ನೂ ಮಲಗಿದ್ದಳು. ಸತತ ನಾಲ್ಕು ರಾತ್ರಿ ಡ್ಯೂಟಿ ಮುಗಿಸಿ ನೇರ ರೈಲು ಹತ್ತಿದವಳು. ನಾನು ಬಾಗಿಲ ತನಕ ಹೋಗಿದ್ದೆ. ದೊಡ್ಡಕ್ಕ ಕೈ ಅಡ್ಡ ಹಿಡಿದರು.

“ಎಬ್ಬಿಸಿದರೆ ನೋಡು.”

“ಅಕ್ಕಾ, ನಡಿಗೆಗೆ ಹೋಗ್ಬೇಕಲ್ಲ...”

“ಅವಳು ಇಡೀ ವಾರ ನಡೆದಿದ್ದಾಳೆ. ನೀನು ಹೋಗು.”

ಮಧ್ಯಾಹ್ನದ ಹೊತ್ತಿಗೆ ಅಡುಗೆ ಪಾಳಿಯ ಜಗಳ ಶುರುವಾಯಿತು. ಪಾಳಿಯಲ್ಲಿ ಹೆಸರಿದ್ದವರಿಗೆ ಅಡುಗೆ ಬೇಡ, ಹೆಸರಿಲ್ಲದ ಇಬ್ಬರಿಗೆ ಒಲೆ ಬಿಟ್ಟು ಏಳಲು ಮನಸ್ಸಿಲ್ಲ. ದೊಡ್ಡಕ್ಕ ಏನೂ ಮಾತಾಡದೆ ಫ್ರಿಜ್ಜಿನಿಂದ ಚಾರ್ಟ್ ಕಿತ್ತು, ನಾಲ್ಕಾಗಿ ಮಡಚಿ, ಬೆಂಕಿ ಹೊತ್ತಿಸಲು ಕೊಟ್ಟರು. ಒಳ್ಳೇ ದಪ್ಪ ಕಾಗದ, ಚೆನ್ನಾಗಿಯೇ ಹತ್ತಿಕೊಂಡಿತು.

ಮೋರಿಸ್ ಹೇಳಿದ ಕೆಲಸದ ಖುಷಿ ನನಗೆ ಅರ್ಥವಾದದ್ದು ಆಗ, ಅಡುಗೆಮನೆ ಬಾಗಿಲಲ್ಲಿ. ತ್ರಿಶೂರಿನ ಚೇಚಿ ಮತ್ತು ನಮ್ಮತ್ತಿಗೆ ಮೂರು ಗಂಟೆ ಹೊತ್ತು ಕೋಳಿ ಸಾರು ಮಾಡಿದರು. ಕೊತ್ತಂಬರಿ ಹುರಿದು, ಅರೆದು, ಒಬ್ಬರ ಮಸಾಲೆಗೆ ಇನ್ನೊಬ್ಬರು ಮೂಗು ಮುರಿದು. ಹೊತ್ತು ನೋಡುವವರಿಲ್ಲ, ಬೇಗ ಅನ್ನುವವರಿಲ್ಲ. ಇದೇ ಕೆಲಸವನ್ನು ಡ್ಯೂಟಿಯಿಂದ ಬಂದ ರಾತ್ರಿ ಎಂಟಕ್ಕೆ ಅವರೇ ಮಾಡುತ್ತಾರೆ. ಆಗ ಅದು ಶಿಕ್ಷೆ. ಉಳಿದ ಎಂಟು ಹತ್ತು ಜನ ಮೂರು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಪಾತ್ರೆ ಮಾತ್ರ ನನ್ನ ಪಾಲಿಗೆ ಬಂತು. ನ್ಯಾಯವೇ ಬಿಡಿ.

ಗೂಟ ಬೀಳಿಸುವ ಆಟ

ಈ ಮನೆಯಲ್ಲಿ ಒಂದು ಉದ್ದನೆಯ ಕೋಣೆಯಿದೆ. ಇಟ್ಟಿಗೆಯ ಕಮಾನುಗಳ ಕೆಳಗೆ, ಸುರಂಗದ ಹಾಗೆ. ಸ್ಕಿಟಲ್ಸ್ ಆಡಲೆಂದೇ ಲುಟ್ಯೆನ್ಸ್ ಕಟ್ಟಿದ್ದು. ಒಂಬತ್ತು ಮರದ ಗೂಟ ನಿಲ್ಲಿಸಿ ದೂರದಿಂದ ಚೆಂಡು ಉರುಳಿಸಿ ಬೀಳಿಸಬೇಕು. ಹಳ್ಳಿಯ ಪಬ್ಬುಗಳಲ್ಲಿ ಗಂಡಸರು ಆಡುತ್ತಿದ್ದ ಆಟ. ಅದನ್ನು ತಂದು ಗವರ್ನೆಸ್‌ಗಳ ವಿಶ್ರಾಂತಿ ಮನೆಯೊಳಗೆ ಇಟ್ಟರಲ್ಲ, ಲುಟ್ಯೆನ್ಸ್ ಬಗ್ಗೆ ನನಗೆ ಏನಾದರೂ ಪ್ರೀತಿ ಹುಟ್ಟಿದ್ದರೆ ಅದು ಇದಕ್ಕೆ. ಆ ಕಾಲದ ಧರ್ಮದ ಮನೆ ಅಂದರೆ ಪ್ರಾರ್ಥನೆ, ಹೊಲಿಗೆ, ಒಳ್ಳೇ ನಡತೆ ಅಂತ ನಾವು ಅಂದುಕೊಳ್ಳುತ್ತೇವೆ. ಇವರು ಕೊಟ್ಟದ್ದು ದೊಡ್ಡದಾಗಿ ಸದ್ದು ಮಾಡಲು ಒಂದು ಜಾಗ.

ಶನಿವಾರ ರಾತ್ರಿ ಊಟ ಆದ ಮೇಲೆ ಅಲ್ಲಿಗೆ ಹೋದವರು ಹನ್ನೆರಡೂವರೆ ತನಕ ಹೊರಗೆ ಬರಲಿಲ್ಲ. ನಿಯಮ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಸ್ಕಿಟಲ್ಸ್, ಅರ್ಧ ಲಗೋರಿ. ಫಿಲಿಪೀನ್ಸ್‌ನ ಗೆಳತಿ ಒಂದೇ ಏಟಿಗೆ ಏಳು ಗೂಟ ಉರುಳಿಸಿದಳು. ಭುಜ ನೋವು ಅಂತ ಆರು ತಿಂಗಳಿಂದ ಹೇಳುತ್ತಿದ್ದ ಒಬ್ಬರು ಎಡಗೈಯಲ್ಲಿ ಆಡಿ ಗೆದ್ದರು. ಕಮಾನಿನ ಕೆಳಗೆ ನಗು ಎರಡು ಪಟ್ಟಾಗಿ ಕೇಳುತ್ತದೆ. ಚೆಂಡು ಉರುಳುವ ಸದ್ದು ಮನೆಯೆಲ್ಲ ಗುಡುಗುತ್ತಿತ್ತು.

ಆಗಲೇ ನನಗೆ ಮಲಗಿದ್ದವಳ ನೆನಪಾಗಿ ಎದೆ ಧಸಕ್ಕೆಂದಿತು. ಶುಕ್ರವಾರ ನಾನು ಕೋಣೆಗಳನ್ನು ಹಂಚಿದ್ದು ಹೆಸರಿನ ಮೊದಲ ಅಕ್ಷರ ನೋಡಿ! ಲೆಕ್ಕದವಳ ಬುದ್ಧಿ. ಶನಿವಾರ ಮಧ್ಯಾಹ್ನ ದೊಡ್ಡಕ್ಕ ಚಾರ್ಟಿನ ಜೊತೆ ಇದನ್ನೂ ಬದಲಾಯಿಸಿದ್ದು ನನಗೆ ಗೊತ್ತಿರಲಿಲ್ಲ. ರಾತ್ರಿ ಡ್ಯೂಟಿಯಿಂದ ಬಂದ ಇಬ್ಬರನ್ನು ಸದ್ದಿನಿಂದ ದೂರದ ತೋಳಿನ ತುದಿಗೆ ಹಾಕಿದ್ದರು. ಮಂಡಿ ನೋವಿನವರಿಗೆ ಮೆಟ್ಟಿಲ ಪಕ್ಕದ ಕೋಣೆ. ಗೊರಕೆ ಹೊಡೆಯುವವರೆಲ್ಲ ಒಂದು ಕಡೆ, ಅದರಲ್ಲಿ ತಾವೂ ಒಬ್ಬರು ಅಂತ ಅವರೇ ಹೇಳಿಕೊಂಡರು. ಮೂವತ್ತು ವರ್ಷ ವಾರ್ಡಿನಲ್ಲಿ ಯಾವ ರೋಗಿ ಯಾರ ಪಕ್ಕ ಇರಬೇಕು ಅಂತ ನೋಡಿದ ಕಣ್ಣು. ಎರಡು ತೋಳು, ನಡುವೆ ಒಂದು ಹಾಲ್ ಇರುವ ಈ ನಕ್ಷೆಯಲ್ಲಿ ಗಲಾಟೆಯವರೂ ನಿದ್ದೆಯವರೂ ಒಂದೇ ಮನೆಯಲ್ಲಿ ಇರಬಹುದು. ಅದನ್ನು ಓದಲು ಬರಬೇಕು ಅಷ್ಟೇ. ನನ್ನ ಹಾಗೆ ಇಂಥ ಏರ್ಪಾಡು ಮಾಡುವವರು ಬುಕ್ ಮಾಡುವಾಗಲೇ ಮನೆಯ ನಕ್ಷೆ ತರಿಸಿಕೊಳ್ಳಿ. ಮಂಡಿ ನೋವು, ರಾತ್ರಿ ಡ್ಯೂಟಿ, ಗೊರಕೆ, ಮೂರನ್ನೂ ಮುಂಚೆಯೇ ಕೇಳಿ. ಯೋಗದ ಚಾಪೆ ಆಮೇಲೆ.

ಭಾನುವಾರದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮಳೆ. ಬೆಂಕಿಯ ಮುಂದೆ ಗಂಜಿ, ಉಪ್ಪಿನಕಾಯಿ. ಇಬ್ಬರು ಇಗರ್ಜಿ ಹುಡುಕಿಕೊಂಡು ಹೋದರು. ಒಬ್ಬರು ಲೈಬ್ರರಿಯಲ್ಲಿ ಪುಸ್ತಕ ತೆರೆದು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದರು. ಮಳೆ ಬಿಟ್ಟಾಗ ನಾಲ್ಕು ಜನ ಲೀತ್ ಹಿಲ್ ಮೇಲಿನ ಗೋಪುರದ ತನಕ ಹೋಗಿ ಮಂಜಿನಲ್ಲಿ ಏನೂ ಕಾಣದೆ ಬಂದರು.

ಆರಾಮ ಆಯಿತಾ?

ಮೂರು ವಾರ ಬಿಟ್ಟು ಒಬ್ಬೊಬ್ಬರನ್ನೇ ಕೇಳಿದೆ. ಇದು ಸಂಶೋಧನೆ ಏನಲ್ಲ, ಸುಮ್ನೆ ಫೋನಿನಲ್ಲಿ ಕೇಳಿದ್ದು. ನಿದ್ದೆಯ ಮಾತು ಹೆಚ್ಚಿನವರ ಬಾಯಲ್ಲಿ ಬಂತು. ಗೂಟದ ಆಟದ್ದು ಬಹುತೇಕ ಎಲ್ಲರ ಬಾಯಲ್ಲೂ. ನಾಲ್ಕು ರಾತ್ರಿ ಡ್ಯೂಟಿ ಮಾಡಿ ಬಂದವಳು, “ಎದ್ದಾಗ ಯಾರೋ ಚಾ ತಂದುಕೊಟ್ಟರು, ಯಾರು ಅಂತ ನೆನಪಿಲ್ಲ” ಅಂದಳು. ಒಬ್ಬರು ಮಾತ್ರ ನೇರವಾಗಿ ಹೇಳಿದರು: ಚಳಿ, ದುಡ್ಡು ಜಾಸ್ತಿ, ಇದಕ್ಕಿಂತ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬಹುದಿತ್ತು. ಅವರ ಮಾತನ್ನೂ ಇಲ್ಲಿ ಬರೆಯಬೇಕು. ಅವರಿಗೆ ಬೇಕಾಗಿದ್ದದ್ದು ಒಂಟಿತನ. ಹನ್ನೆರಡು ಜನರ ಮನೆಯಲ್ಲಿ ಅದು ಸಿಗುವುದಿಲ್ಲ. ಮೊದಲೇ ಕೇಳಿದ್ದರೆ ನಾನು ಅವರನ್ನು ಬನ್ನಿ ಬನ್ನಿ ಅಂತ ಒತ್ತಾಯ ಮಾಡುತ್ತಿರಲಿಲ್ಲ.

ಮನೆ ಬಿಡುವಾಗ ಯಾರೂ ಅಳಲಿಲ್ಲ. ಹತ್ತರೊಳಗೆ ಜಾಗ ಖಾಲಿ ಮಾಡುವ ಗಡಿಬಿಡಿ, ರೈಲಿನ ಟೈಮು, ಮಂಗಳವಾರದ ಶಿಫ್ಟ್. ಅತಿಥಿಗಳು ಬರೆದಿಟ್ಟು ಹೋಗುವ ದಪ್ಪ ಪುಸ್ತಕದಲ್ಲಿ ಕೋಟದ ಹುಡುಗಿ ಕನ್ನಡದಲ್ಲೇ ಅರ್ಧ ಪುಟ ಬರೆದಳು. ಏನು ಬರೆದೆ ಅಂದರೆ ಹೇಳಲಿಲ್ಲ.

ದುಡ್ಡಿನ ವಿಷಯ. 1900ರಲ್ಲಿ ಒಬ್ಬ ಸಾಹುಕಾರ ಕೊಟ್ಟದ್ದಕ್ಕೆ ನರ್ಸ್‌ಗಳು ಇಲ್ಲಿ ಇದ್ದರು. ಈಗ ಅಂಥ ಸಾಹುಕಾರ ಇಲ್ಲ. ಹನ್ನೆರಡು ಪಾಲು ಮಾಡಿದರೂ ಬಾಡಿಗೆ ಒಬ್ಬ ನರ್ಸಿಗೆ ಸಣ್ಣದಲ್ಲ, ಅದರಲ್ಲೂ ಊರಿಗೆ ಪ್ರತಿ ತಿಂಗಳು ಕಳಿಸುವವಳಿಗೆ. ನಮ್ಮ ಮಂದಿ ಅದನ್ನು ಊರಿನ ದಾರಿಯಲ್ಲೇ ಬಗೆಹರಿಸಿದರು. ಹತ್ತು ತಿಂಗಳ ಚೀಟಿ ಹಾಕಿದರು. ಹರಾಜಿಲ್ಲ, ಬಡ್ಡಿಯಿಲ್ಲ. ಪ್ರತಿ ತಿಂಗಳು ಸಂಬಳದ ದಿನ ಒಂದಿಷ್ಟು ದೊಡ್ಡಕ್ಕನ ಕೈಗೆ. ಲೆಕ್ಕ ಬರೆದದ್ದು ಮಾತ್ರ ನಾನು, ಅದು ನನಗೆ ಬರುತ್ತದಲ್ಲ.

ಎರಡನೇ ಚೀಟಿ ಜನವರಿಯಲ್ಲಿ ಶುರುವಾಗಿದೆ. ಹನ್ನೊಂದು ಜನ. ಈ ಸಲ ಜೂನ್‌ಗೇ ಹೋಗಬೇಕು, ಹೂ ನೋಡಬೇಕು ಅಂತ ಹಟ ಹಿಡಿದಿದ್ದಾರೆ. ಬಾಡಿಗೆ ಜಾಸ್ತಿ ಆಗುತ್ತದೆ ಅಂದೆ. ಆಗಲಿ, ಕಂತು ಏರಿಸು ಅಂದರು. ನಾನು ಪೆನ್ನು ಮುಟ್ಟಿದರೆ ಸಾಕು, ಚೀಟಿಯ ಲೆಕ್ಕ ಬಿಟ್ಟು ಬೇರೇನೂ ಬರೆಯಬಾರದು ಅಂತ ಷರತ್ತು ಹಾಕಿದ್ದಾರೆ.